ಎರವಿನ ಕಂಪ್ಯೂಟರ್ ಕೋಣೆ

ನಮ್ಮ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬರುವವರಿದ್ದರೂ ನಮ್ಮ ಆಯಿಯ ಜಮಖಾನ ಅಲ್ಲಿಗೆ ಹೋಗುತ್ತಿತ್ತು. ಆಯಿ ಎಂದರೆ ನನ್ನ ತಾಯಿಯ ತಾಯಿ. ನಾನು ಬೆಳೆದದ್ದು ಗಜೇಂದ್ರಗಡದಲ್ಲಿ, ಆಕೆಯ ಮನೆಯಲ್ಲಿ. ಮಾತು ಕಲಿತದ್ದು ಆಕೆಯಿಂದ, ಮತ್ತು ಸಂಜೆಯಾದರೆ ಆಕೆಯ ಕಟ್ಟೆಗೆ ಬಂದು ಕೂಡುತ್ತಿದ್ದ ಮುದುಕಿಯರಿಂದ. ಕೆಂಪು ನೀಲಿ ಪಟ್ಟೆಯ ಆ ಜಮಖಾನದ ಹಿಂದೆ ಎದುರು ಮನೆಯ ಖುರ್ಚಿ ಹೋಗುತ್ತಿದ್ದವು, ಮೂಲೆ ಮನೆಯ ಚಹಾದ ಕಪ್ಪು ಬಸಿ ಹೋಗುತ್ತಿದ್ದವು, ಮಗ್ಗದವರ ಮನೆಯ ಗೋಡೆ ಗಡಿಯಾರವೂ ಹೋಗುತ್ತಿತ್ತು. ಒಂದು ಮಧ್ಯಾಹ್ನದ ಮಟ್ಟಿಗೆ ಆ ಮನೆ ಅನುಕೂಲಸ್ಥರ ಮನೆಯಾಗುತ್ತಿತ್ತು. ದೀಪ ಹಚ್ಚುವುದರೊಳಗೆ ಎಲ್ಲವೂ ತಮ್ಮ ತಮ್ಮ ಮನೆಗೆ ವಾಪಸು.

ಬಂದ ಬೀಗರಿಗೆ ಇದು ತಿಳಿಯುತ್ತಿರಲಿಲ್ಲ ಎಂದುಕೊಳ್ಳಬೇಡಿ. ಅವರ ಊರಲ್ಲೂ ಇದೇ ರೂಢಿ. ಒಮ್ಮೆ ರೋಣದಿಂದ ಬಂದ ಹಿರಿಯರೊಬ್ಬರು ಕೂಡುವ ಮೊದಲು ಜಮಖಾನವನ್ನು ಅಂಗೈಯಿಂದ ಸವರಿ, "ಏನಪಾ, ಹ್ವಾದ ವರ್ಷ ಆಚಿ ಮನ್ಯಾಗ ಭೆಟ್ಟಿ ಆಗಿದ್ದಿ. ಆರಾಮ ಅದಿಯೋ?" ಎಂದು ಅದನ್ನೇ ಮಾತಾಡಿಸಿದರಂತೆ. ಎಲ್ಲರೂ ನಕ್ಕರಂತೆ. ಮದುವೆಯೂ ಆಯಿತಂತೆ.

ಆದರೆ ಒಂದು ವಿಷಯದಲ್ಲಿ ಮಾತ್ರ ಆಯಿ ಬಗ್ಗುತ್ತಿರಲಿಲ್ಲ. ಆಕೆಯ ಕಿರಿಯ ಮಗಳು, ನನ್ನ ಚಿಗವ್ವ, ಚೆಂದದ ಕಸೂತಿ ಹಾಕುತ್ತಿದ್ದಳು. ಪಕ್ಕದ ಮನೆಯಾಕೆ ಒಂದು ದಿನ ಬಂದು, ಗೋಡೆಗೆ ತೂಗುಹಾಕಲು ಆ ಕಸೂತಿ ಬಟ್ಟೆಯನ್ನೂ ಕೇಳಿದಳು. ಬಂದವರು ಕೇಳಿದರೆ ತನ್ನ ಮಗಳೇ ಹಾಕಿದ್ದು ಎನ್ನುವುದು ಆಕೆಯ ವಿಚಾರ.

"ಅದನ್ನ ಕೊಡಂಗಿಲ್ಲವಾ," ಅಂದಳು ಆಯಿ.

"ಯಾಕ್ರಿ ಆಯಿ, ಜಮಖಾನ ಕೊಟ್ರಿ, ತಂಬಿಗಿ ಕೊಟ್ರಿ. ಒಂದು ಬಟ್ಟಿ ಹೆಚ್ಚಾತೇನ್ರಿ?"

"ನಾಳೆ ಗಂಡನ ಮನ್ಯಾಗ ಕುಂತು ಕಸೂತಿ ಹಾಕಾಕಿ ನಿನ್ನ ಮಗಳು. ಆವಾಗ ಸೂಜಿ ಹಿಡಕೊಂಡು ನಾ ಬರ್ಲೇನು?"

ಇದನ್ನೆಲ್ಲ ಕಣ್ಣಾರೆ ಕಂಡು ಬೆಳೆದವಳು ನಾನು. ಹಾಗಿದ್ದೂ ಹೋದ ಬೇಸಿಗೆಯಲ್ಲಿ ನಾನು ಎರವು ತಂದದ್ದು ಜಮಖಾನವನ್ನಲ್ಲ, ಆ ಕಸೂತಿಯನ್ನೇ.

ನಾನು ಕನ್ನಡ ಕಲಿಸುವ ಪ್ರೌಢಶಾಲೆ ಗುಡ್ಡದ ಕೆಳಗಿದೆ. ಕನ್ನಡ ಮಾಧ್ಯಮ, ಸರಕಾರದ ಅನುದಾನ, ಹಂಚಿನ ಕೋಣೆಗಳು, ಅಂಗಳದಲ್ಲಿ ಬೇವಿನ ಮರ. ಮೊದಲು ಲಕ್ಕಲಕಟ್ಟಿಯಂಥ ಹಳ್ಳಿಗಳಿಂದ ಮಕ್ಕಳು ಗುಂಪು ಗುಂಪಾಗಿ ಬರುತ್ತಿದ್ದರು. ಈಗ ಅದೇ ಹಳ್ಳಿಗಳ ಬಾಯಿಗೇ ಇಂಗ್ಲಿಷ್ ಶಾಲೆಗಳ ಹಳದಿ ವ್ಯಾನು ಹೋಗಿ ನಿಲ್ಲುತ್ತವೆ. ನಮ್ಮ ಎಂಟನೇ ಇಯತ್ತೆಯ ಬೆಂಚುಗಳು ಹಿಂದಿನ ಸಾಲಿನಿಂದ ಖಾಲಿಯಾಗುತ್ತ ಮುಂದೆ ಬರುತ್ತಿದ್ದವು.

ಹೀಗಿರುವಾಗ ನಮ್ಮ ಸಂಸ್ಥೆಯ ಚೇರ್ಮನ್ನರು ರೋಣದ ಒಂದು ಮದುವೆಗೆ ಹೋದರು. ಊಟದ ಪಂಕ್ತಿಯಲ್ಲಿ ಯಾರೋ, "ನಿಮ್ಮ ಸಾಲಿ ಇನ್ನೂ ಐತೇನ್ರಿ? ಮೊಬೈಲದಾಗ ಎಲ್ಲೂ ಕಾಣವಲ್ತು," ಅಂದರಂತೆ. ಚೇರ್ಮನ್ನರಿಗೆ ಮುಂದೆ ಹುಗ್ಗಿ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಹೆಡ್‌ಮಾಸ್ತರರಿಗೆ ಹುಕುಂ ಬಂತು: ಸೋಶಿಯಲ್ ಮೀಡಿಯಾದಲ್ಲಿ ಶಾಲೆಯ ಪೇಜು ಆಗಬೇಕು, ವಿಡಿಯೋ ಹಾಕಲು ಚಾನಲ್ಲು ಆಗಬೇಕು, ಪಾಲಕರ ಗ್ರೂಪು ಆಗಬೇಕು.

ನಮ್ಮ ಹೆಡ್‌ಮಾಸ್ತರರು ಪಾಪದ ಮನುಷ್ಯ. ಗಣಿತ ಹೇಳುತ್ತಾರೆ, ಮೇಲಿನವರಿಗೆ ಹೆದರುತ್ತಾರೆ. ಸ್ಟಾಫ್ ರೂಮಿಗೆ ಬಂದು ಎಲ್ಲರ ಮುಖ ನೋಡಿ ಕೊನೆಗೆ ನನ್ನ ಮುಂದೆ ನಿಂತರು.

"ಅಕ್ಕೋರ, ನಿಮಗ ಮಾತು ಚಲೋ ಬರ್ತಾವ. ನೀವ ಇನ್‌ಚಾರ್ಜ್ ಆಗ್ರಿ."

ನಮ್ಮ ಕಡೆ ಶಿಕ್ಷಕಿ ಎಂದರೆ ಅಕ್ಕೋರು. ಹೊಗಳಿಕೆಗೆ ನಾನು ಯಾವಾಗಲೂ ಸೋತವಳೇ. ಆಗಿಬಿಟ್ಟೆ.

ಪೇಜು ತೆರೆಯುವುದೆಂದರೆ ಹೊಸ ಮನೆಯ ಬಾಗಿಲು ತೆರೆದ ಹಾಗೆ ಎಂದುಕೊಂಡಿದ್ದೆ. ಅದು ತಾಲ್ಲೂಕು ಕಚೇರಿಯ ಕೆಲಸಕ್ಕಿಂತ ಕಷ್ಟವಾಯಿತು. ಮೊದಲು ಶಾಲೆಗೊಂದು ಇಮೇಲು ಬೇಕು, ಇಮೇಲಿಗೊಂದು ಫೋನ್ ನಂಬರು ಬೇಕು. ಶಾಲೆಯ ಖಾತೆ ಅಂದಮೇಲೆ ತಮ್ಮದೇ ನಂಬರು ಇರಬೇಕೆಂದು ಚೇರ್ಮನ್ನರು ಹಟ ಹಿಡಿದರು. ನಾನು ಆಫೀಸಿನ ಒಂದೇ ಒಂದು ಕಂಪ್ಯೂಟರಿನ ಮುಂದೆ ಕೂತು ಒತ್ತಿದಾಗಲೆಲ್ಲ ಓಟಿಪಿ ಅವರ ಫೋನಿಗೆ ಹೋಗುತ್ತಿತ್ತು. ಅವರೋ ಸಂತೆಯಲ್ಲಿ ಎತ್ತಿನ ವ್ಯಾಪಾರದ ನಡುವೆ.

"ಸಾಹೇಬ್ರ, ಈಗ ಒಂದು ನಂಬರ್ ಬಂದೈತಿ ನೋಡ್ರಿ, ಲಗೂ ಹೇಳ್ರಿ."

"ಬಂದೈತಿ ಅಕ್ಕೋರ. ಆದ್ರ ಇದನ್ನ ಯಾರಿಗೂ ಹೇಳಬ್ಯಾಡ ಅಂತ ಬರದೈತಿ. ನಿಮಗ ಹ್ಯಾಂಗ ಹೇಳ್ಲಿ?"

"ನನಗ ಹೇಳಾಕ ಬಂದದ್ರಿ ಅದು."

"ಹಂಗಂತ ಬರದಿಲ್ಲಲ್ರಿ."

ಅಷ್ಟರಲ್ಲಿ ವೇಳೆ ಮೀರಿ ಆ ನಂಬರು ಸತ್ತುಹೋಗುತ್ತಿತ್ತು. ಕಡೆಗೆ ಅವರೇ ಬಂದು ನನ್ನ ಪಕ್ಕದಲ್ಲಿ ಫೋನು ಹಿಡಿದು ಕೂತ ಮೇಲೆ ಕೆಲಸವಾಯಿತು. ಶಾಲೆಯ ಪೂರ್ತಿ ಹೆಸರು ಪೇಜಿನ ನೆತ್ತಿಯ ಮೇಲೆ ಹಿಡಿಸಲಿಲ್ಲ, ಅರ್ಧ ಕತ್ತರಿಸಿದೆ. ಯಾರ ಫೋಟೋ ಹಾಕಬೇಕೆಂಬ ಮಾತು ಬಂದಾಗ ಚೇರ್ಮನ್ನರು ಗಂಟಲು ಸರಿಮಾಡಿಕೊಂಡರು. ನಾನು ಕೇಳಿಸದವಳ ಹಾಗೆ ಬೇವಿನ ಮರ, ಹಿಂದಿನ ಗುಡ್ಡದ ಕೋಟೆ ಕಾಣುವ ಫೋಟೋ ಹಾಕಿದೆ. ಹೆಡ್‌ಮಾಸ್ತರರು ಕಂಪ್ಯೂಟರಿಗೆ ಕುಂಕುಮ ಹಚ್ಚಿ ಕಾಯಿ ಒಡೆದರು. ಕೀಬೋರ್ಡಿಗೆ ನೀರು ಸಿಡಿಯದಂತೆ ನಾನು ಸೆರಗು ಅಡ್ಡ ಹಿಡಿದೆ.

ಮೊದಲ ವಾರ ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಹಾಕಿದೆವು. ಲೈಕ್ ಮಾಡಿದವರು ನಾವೇ ಶಿಕ್ಷಕರು. ಚೇರ್ಮನ್ನರು ಫೋನು ಮಾಡಿದರು: "ಹೂವ ನೋಡಿ ಯಾರು ಹುಡುಗ್ರನ್ನ ಸಾಲಿಗೆ ಹಚ್ಚತಾರ್ರಿ? ಬ್ಯಾರೇದವ್ರು ಕಂಪ್ಯೂಟರ್ ಲ್ಯಾಬ್ ತೋರಸ್ತಾರ. ವಿಡಿಯೋ ಹಾಕ್ರಿ."

"ಲ್ಯಾಬ್ ಎಲ್ಲೈತ್ರಿ ಅಕ್ಕೋರ?" ಅಂದರು ಹೆಡ್‌ಮಾಸ್ತರರು, ಫೋನು ಇಟ್ಟ ಮೇಲೆ. "ಆ ಖೋಲ್ಯಾಗ ಬಿಸಿಯೂಟದ ಅಕ್ಕಿ ಚೀಲ ಅದಾವ."

ಆಗ ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ಕೈ ಹಿಂಜರಿಯುತ್ತದೆ. ಅದನ್ನು ಚೇರ್ಮನ್ನರು ಹೇಳಲಿಲ್ಲ, ಹೆಡ್‌ಮಾಸ್ತರರು ಹೇಳಲಿಲ್ಲ.

"ತರೂಣ್ರಿ ಸರ್. ಒಂದು ಮಧ್ಯಾಹ್ನದ ಮಾತು."

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವವನು ನನ್ನ ಹಳೆಯ ವಿದ್ಯಾರ್ಥಿ. ಅವರ ಅಬ್ಬಾ ಅದೇ ಅಂಗಡಿಯಲ್ಲಿ ಅತ್ತರು, ಊದುಬತ್ತಿ ಮಾರುತ್ತಿದ್ದರು. ಇಂದಿಗೂ ಆ ಅಂಗಡಿಯ ಬಾಗಿಲಲ್ಲಿ ನಿಂತರೆ ಕಂಪ್ಯೂಟರಿನ ಜೊತೆ ಮಲ್ಲಿಗೆ ವಾಸನೆ ಬರುತ್ತದೆ. ನಾನು ಕೇಳಿದ್ದೇ ತಡ, ಒಂದು ಟಂಟಂ ಗಾಡಿಯ ತುಂಬ ಮಾನಿಟರು, ಕೀಬೋರ್ಡು ಹೇರಿಕೊಂಡು ಬಂದ. ಪ್ರತಿಯೊಂದಕ್ಕೂ ಕೌದಿ ಹೊದಿಸಿದ್ದ.

"ಬಾಣಂತೀನ ತಂದಂಗ ತಂದೀನ್ರಿ ಅಕ್ಕೋರ. ಗಾಳಿ ತಾಗಿಸಿಲ್ಲ."

"ಇವುಗಳ ಡಬ್ಬಿ ಎಲ್ಲಪಾ? ಕೆಳಗ ಇಡ್ತಾರಲ್ಲ, ಅದು?"

"ಅದ್ಯಾಕ್ರಿ? ಅವ್ನ ಬಿಚ್ಚಿ ಜೋಡಸೂದ್ರಾಗ ಸಂಜಿ ಆಕ್ಕೈತಿ. ವಿಡಿಯೋದಾಗ ಅದು ಕಾಣಂಗಿಲ್ಲ ಬಿಡ್ರಿ."

ಅಕ್ಕಿ ಚೀಲಗಳನ್ನು ಪಕ್ಕದ ವರಾಂಡಕ್ಕೆ ಸಾಗಿಸಿದೆವು. ಬೆಂಚುಗಳ ಮೇಲೆ ಮಾನಿಟರು ಸಾಲಾಗಿ ಕೂತವು. ಎದುರು ಮನೆಯವರ ಹೂವಿನ ಕುಂಡಗಳು ಬಂದು ಬಾಗಿಲ ಎರಡೂ ಕಡೆ ನಿಂತವು. ರಜೆಯಲ್ಲಿ ಮನೆಯಲ್ಲಿದ್ದ ಕೆಲವು ಹುಡುಗಿಯರನ್ನು ಸಮವಸ್ತ್ರ ಹಾಕಿಸಿ ಕರೆಸಿದೆವು. ಎಲ್ಲಿಗೂ ಜೋಡಿಸದ ಕೀಬೋರ್ಡುಗಳ ಮೇಲೆ ಅವರು ಬೆರಳಾಡಿಸಿ ಕಿಸಕ್ಕನೆ ನಗುತ್ತಿದ್ದರು. ನಾನು ಚಿಗವ್ವನ ಮಗಳ ರೇಷ್ಮೆ ಅಂಚಿನ ಸೀರೆ ಉಟ್ಟು ನಡುವೆ ನಿಂತೆ. ಹೆಡ್‌ಮಾಸ್ತರರು ಫೋನು ಹಿಡಿದರು.

"ನಮ್ಮಲ್ಲಿ ಪ್ರತಿಯೊಂದು ಮಗುವೂ ಕಂಪ್ಯೂಟರ್ ಕಲಿಯುತ್ತದೆ. ಬನ್ನಿ, ನಮ್ಮ ಲ್ಯಾಬ್ ನೋಡಿ. ನಿಮ್ಮ ಮಗಳನ್ನು ನಮ್ಮ ಕೈಗೆ ಕೊಡಿ."

ಮೊದಲ ಸಲಕ್ಕೇ ಮಾತು ಎಲ್ಲೂ ತಡವರಿಸದೆ ಬಂತು. ದನಿ ಚೆನ್ನಾಗಿ ಬಂದಿದೆ ಎಂದು ನಾನು ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿದೆ. ದೀಪ ಹಚ್ಚುವುದರೊಳಗೆ ಮಾನಿಟರು, ಕುಂಡ, ಸೀರೆ ಎಲ್ಲವನ್ನೂ ವಾಪಸು ಮುಟ್ಟಿಸಿದೆ. ಆಯಿ ಇದ್ದಿದ್ದರೆ ಅಷ್ಟರ ಮಟ್ಟಿಗೆ ಮೆಚ್ಚುತ್ತಿದ್ದಳು.

ವಿಡಿಯೋ ಓಡಿತು. ಊರಲ್ಲಿ ಯಾರೂ ಮೋಸಹೋಗಲಿಲ್ಲ. "ಅಕ್ಕೋರ, ನಮ್ಮ ಕುಂಡ ಭಾಳ ಚಂದ ಕಂಡಾವ್ರಿ ನಿಮ್ಮ ಸಾಲ್ಯಾಗ," ಅಂದಳು ಎದುರು ಮನೆಯಾಕೆ. ಕಾಯಿಪಲ್ಲೆ ಮಾರುವಾಕೆ ನನ್ನ ದನಿಯ ಅಣಕು ಮಾಡಿ, "ಬನ್ನಿ, ನಮ್ಮ ಬದನಿಕಾಯಿ ನೋಡಿ," ಅಂದಳು. ನಾನೂ ನಕ್ಕೆ. ಇದು ಜಮಖಾನದ ನಗೆಯೇ ಎಂದುಕೊಂಡೆ. ಆ ವಿಡಿಯೋ ಗುಡ್ಡ ದಾಟಿ, ರೋಣ ದಾಟಿ, ನರಗುಂದವನ್ನೂ ದಾಟಿ, ನಮ್ಮ ಜಮಖಾನ ಯಾರದೆಂದು ಗೊತ್ತಿಲ್ಲದವರ ಕೈಗೆ ಹೋಗಿ ಮುಟ್ಟುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಶಾಲೆ ಶುರುವಾದ ಮೇಲೆ, ಒಂದು ಮೋಡ ಕವಿದ ಬೆಳಿಗ್ಗೆ, ತಾಯಿ ಮಗಳು ಬಂದರು. ಕೊಣ್ಣೂರಿನಿಂದ ನಸುಕಿನ ಬಸ್ಸು ಹಿಡಿದು, ನರಗುಂದದಲ್ಲಿ ಒಂದು, ರೋಣದಲ್ಲಿ ಒಂದು ಬಸ್ಸು ಬದಲಿಸಿ ಬಂದಿದ್ದರು. ಹುಡುಗಿಯ ಕೈಯಲ್ಲಿ ಬಟ್ಟೆಯ ಚೀಲವಿತ್ತು, ತಿರುಗಿ ಹೋಗುವವರ ಚೀಲವಲ್ಲ. ಆಫೀಸಿನ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಹುಡುಗಿ ತಾಯಿಯ ಸೆರಗು ಜಗ್ಗಿದಳು.

"ಅವ್ವಾ, ವಿಡಿಯೋದಾಗಿನ ಅಕ್ಕೋರು!"

ಹೆಡ್‌ಮಾಸ್ತರರ ಮುಖ ಹಿಗ್ಗಿತು. ಖುರ್ಚಿ ಹಾಕಿಸಿದರು. ತಾಯಿ ಹೊಲಮನೆ ಮಾಡುವ ಹೆಂಗಸು, ಮಾತು ನೆಟ್ಟಗೆ.

"ನಮ್ಮದು ಹೊಳಿ ದಂಡಿ ಊರ್ರಿ. ಜೋರ ಮಳಿ ಆದ ವರ್ಷ ಹೊಳಿ ದಾಟೂ ಪೂಲ್ ಮ್ಯಾಲ ನೀರು ಬರ್ತೈತಿ, ಸಾಲಿ ತಪ್ಪತೈತಿ. ನನ್ನ ತಮ್ಮ ಇಲ್ಲೇ ಅದಾನ, ಮಗ್ಗ ನೇಯತಾನ. ಅವನ ಮನ್ಯಾಗ ಇಟ್ಟು ಓದಸೂಣಂತ ಬಂದೇವ್ರಿ. ಇಕಿಗೆ ಕಂಪ್ಯೂಟರಿಂದು ಒಂದು ಹುಚ್ಚು. ನಿಮ್ಮ ವಿಡಿಯೋ ನೋಡಿದ ಮ್ಯಾಲ ಊಟ ಸೈತ ಬಿಟ್ಲು."

ತಮ್ಮ ಇಲ್ಲೇ ಇದ್ದಾನೆ ಎಂದ ಕೂಡಲೇ, ಊರಿಗೆಲ್ಲ ಗೊತ್ತಿದ್ದದ್ದು ಅವನಿಗೆ ಗೊತ್ತಿಲ್ಲವೇ ಎನಿಸಿತು.

"ನಿಮ್ಮ ತಮ್ಮನ್ನ ಕೇಳಿದ್ರೇನ್ರಿ, ಸಾಲಿ ಹ್ಯಾಂಗೈತಿ ಅಂತ?" ಅಂದೆ.

"ಕೇಳಿದ್ನಿರಿ. ಅಂವ ಮಗ್ಗದ ಕುಣಿ ಬಿಟ್ಟು ಹೊರಗ ಬಂದ್ರಲ್ಲ? ಆದ್ರ ನಿಮ್ಮ ದನಿ ಕೇಳಿದವ್ನ ಹೇಳಿದ, ಈ ಅಕ್ಕೋರು ನನಗೂ ಕಲಿಸ್ಯಾರ, ಅವ್ರು ಅಂದ್ರಂದ್ರ ಖರೇ ಇರ್ತೈತಿ ಅಂತ."

ಮೇಜಿನ ಮೇಲಿನ ಪೇಪರ್ ವೇಟನ್ನು ನಾನು ಸುಮ್ಮನೆ ಅತ್ತಿಂದಿತ್ತ ಇಟ್ಟೆ. ಹುಡುಗಿ ಇನ್ನೂ ನನ್ನನ್ನೇ ನೋಡುತ್ತಿದ್ದಳು. ನಾಚಿಕೆ ಮಾಡಿಕೊಂಡೇ ಕೇಳಿದಳು.

"ಅಕ್ಕೋರ, ಒಂದು ಕೇಳ್ಲೇನ್ರಿ? ವಿಡಿಯೋದಾಗ ಎಲ್ಲಾ ಸ್ಕ್ರೀನು ಕರ್ರಗ ಇದ್ವು. ಅವತ್ತ ಕರೆಂಟ್ ಹೋಗಿತ್ತೇನ್ರಿ?"

ಊರಿನವರು ಯಾರೂ ಅದನ್ನು ಗಮನಿಸಿರಲಿಲ್ಲ. ಈ ಮಗು ಎಷ್ಟು ಸಲ ನೋಡಿದ್ದಳೋ! ತಪ್ಪನ್ನು ಕಂಡದ್ದೂ ಅವಳೇ, ಅದಕ್ಕೊಂದು ಸಮಾಧಾನ ಹುಡುಕಿ ನಮ್ಮನ್ನು ಬಚಾವು ಮಾಡಿದ್ದೂ ಅವಳೇ.

"ಹೂಂ ಹೂಂ, ಕರೆಂಟ್!" ಅಂದರು ಹೆಡ್‌ಮಾಸ್ತರರು, ಸಿಕ್ಕ ಹಗ್ಗ ಹಿಡಿದವರ ಹಾಗೆ. "ಅವತ್ತ ಇಡೀ ಊರಾಗ ಇದ್ದಿಲ್ಲ. ಇರ್ಲಿ, ಟಿ.ಸಿ. ತಂದೀರೇನ್ರಿ? ಮೊದ್ಲ ಹೆಸರು ಹಚ್ಚಿಬಿಡೂಣು."

ತಾಯಿ ಚೀಲದಲ್ಲಿ ಕೈ ಹಾಕಿದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನ ಸುತ್ತಿದ ಕಾಗದ ಹೊರಗೆ ಬಂತು. ಊರ ಶಾಲೆಯಿಂದ ಹೆಸರು ತೆಗೆಸಿಕೊಂಡೇ ಬಂದಿದ್ದರು. ಹೆಡ್‌ಮಾಸ್ತರರ ಕೈ ಅದರತ್ತ ಚಾಚಿತು. ಎಂಟನೇ ಇಯತ್ತೆಗೆ ಒಂದು ಹೆಸರು ಹೆಚ್ಚಾದರೆ ಅವರಿಗೆಷ್ಟು ನೆಮ್ಮದಿ ಎಂಬುದು ನನಗೆ ಗೊತ್ತು. ಆ ಹೆಸರಿನ ಮೇಲೆ ನನ್ನ ನೌಕರಿಯೂ ನಿಂತಿದೆ. ಆದರೆ ನಾಳೆ ಈ ಹುಡುಗಿ ಬೆಂಚಿನ ಮೇಲೆ ಕೂತು, ಲ್ಯಾಬಿನ ಪಿರಿಯಡ್ ಯಾವಾಗ ಎಂದು ಕೇಳುತ್ತಾಳೆ. ಕೇಳುವುದು ನನ್ನನ್ನೇ. ಆವಾಗ ಸೂಜಿ ಹಿಡಕೊಂಡು ನಾ ಬರ್ಲೇನು ಎಂದ ಆಯಿಯ ದನಿ ಕಿವಿಯಲ್ಲೇ ಇತ್ತು.

"ಸರ್, ಮೊದ್ಲ ಲ್ಯಾಬ್ ತೋರಿಸಿ ಬರ್ತೇನ್ರಿ," ಅಂದೆ.

"ಕೀಲಿ... ಕೀಲಿ ಸಿಗವಲ್ತಲ್ರಿ ಅಕ್ಕೋರ."

ಕೀಲಿ ಅವರ ತಲೆಯ ಹಿಂದೆಯೇ ಗೂಟಕ್ಕೆ ತೂಗುತ್ತಿತ್ತು. ನಾನು ಕೈ ಚಾಚಿ ತೆಗೆದುಕೊಂಡೆ. ಅವರು ನನ್ನನ್ನು ನೋಡಲಿಲ್ಲ, ನಾನು ಅವರನ್ನು ನೋಡಲಿಲ್ಲ.

ಬಾಗಿಲು ತೆಗೆದಾಗ ಅಕ್ಕಿ ಮತ್ತು ತೊಗರಿ ಬೇಳೆಯ ವಾಸನೆ ಬಂತು. ಗುಬ್ಬಿಯೊಂದು ಚೀಲದ ಮೇಲಿಂದ ಹಾರಿ ಹೊರಗೆ ಹೋಯಿತು. ಹುಡುಗಿ ಹೊಸ್ತಿಲಲ್ಲೇ ನಿಂತಳು.

"ಇದು ಅಡಗಿ ಖೋಲಿ ಅಲ್ರಿ ಅಕ್ಕೋರ?"

ನಾನು ಬಾಯಿ ತೆರೆಯುವ ಮೊದಲು ಅವಳ ಕಣ್ಣು ಎದುರಿನ ಕಿಟಕಿಗೆ ಹೋಯಿತು. ಒಂದು ಗಾಜು ಒಡೆದ ಕಿಟಕಿ, ಅದರಾಚೆ ಗುಡ್ಡ, ಕೋಟೆಯ ಗೋಡೆಯ ತುಂಡು. ವಿಡಿಯೋದಲ್ಲಿ ನನ್ನ ಹೆಗಲ ಹಿಂದೆ ಇದ್ದದ್ದು ಅದೇ.

"ಅವ್ವಾ, ಕಿಡಕಿ ಇದ ಐತಿ," ಅಂದಳು ಸಣ್ಣಗೆ.

ತಾಯಿ ಒಳಗೆ ಬಂದು ಚೀಲಗಳನ್ನು ನೋಡಿದಳು, ಕಿಟಕಿ ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಪಾಡಿತ್ತು. ಆಕೆ ಸೊಂಟದ ಚೀಲದಿಂದ ಫೋನು ತೆಗೆದು, ವಿಡಿಯೋ ಹಚ್ಚಿ, ನನ್ನ ಮುಂದೆ ಹಿಡಿದಳು. ಆ ಕೋಣೆಯಲ್ಲಿ ನನ್ನದೇ ದನಿ ಮೊಳಗಿತು: ಬನ್ನಿ, ನಮ್ಮ ಲ್ಯಾಬ್ ನೋಡಿ.

"ಒಂದೊಂದ ಹೇಳ್ರಿ ಅಕ್ಕೋರ. ಈ ಕಂಪ್ಯೂಟರು?"

"ಎರವು ತಂದದ್ರಿ. ಬಸ್ ಸ್ಟ್ಯಾಂಡ್ ಹಂತೇಲಿಂದು."

"ಈ ಹೂವಿನ ಕುಂಡ?"

"ಎದುರಿನ ಮನಿಯವ್ರದ್ರಿ."

"ಈ ಹುಡುಗ್ಯಾರು?"

"ಅವ್ರು ನಮ್ಮವ್ರ ಅದಾರ್ರಿ."

"ಇವರಿಗೆ ಕಂಪ್ಯೂಟರ್ ಬರ್ತೈತೇನು?"

"ಇಲ್ರಿ."

"ನೀವು ಉಟ್ಟದ್ದು?"

"ಅದೂ... ನಮ್ಮ ಚಿಗವ್ವನ ಮಗಳದ್ರಿ."

"ಅಯ್ಯ! ಸೀರಿನೂ?" ಅಂದಳು. ಆಕೆಗೆ ಒಂದು ಕ್ಷಣ ನಗೆಯೇ ಬಂದಿತ್ತು. ಅದನ್ನು ತಡೆದುಕೊಂಡದ್ದೂ ಕಂಡಿತು. ಮಗಳ ಮುಖ ನೋಡಿ ತಡೆದುಕೊಂಡಿರಬೇಕು.

ನನಗೆ ಹೇಗಾದರೂ ಮಾಡಿ ಆ ನಗೆಯನ್ನು ಹಿಡಿದುಕೊಳ್ಳಬೇಕು ಎನಿಸಿತು. "ನಮ್ಮ ಕಡೆ ಹೆಣ್ಣು ನೋಡಾಕ ಬಂದಾಗ ಮಂದಿ ಮನಿ ಜಮಖಾನ ತರ್ತಾರಲ್ರಿ, ಹಂಗ..." ಎಂದು ಶುರುಮಾಡಿದೆ.

"ಜಮಖಾನ ನಾವೂ ತಂದೇವ್ರಿ ಅಕ್ಕೋರ," ಅಂದಳು ಆಕೆ. "ಆದ್ರ ನಾ ಜಮಖಾನ ನೋಡಾಕ ಬಂದಿಲ್ಲ. ಮಗಳ್ನ ಬಿಟ್ಟು ಹೋಗಾಕ ಬಂದೇನಿ."

ನನ್ನ ಬಾಯಿ ಮುಚ್ಚಿತು. ಮಾತು ಚೆನ್ನಾಗಿ ಬರುತ್ತವೆ ಎಂದು ಇನ್‌ಚಾರ್ಜ್ ಆದವಳ ಬಾಯಿ ಅದು.

ಆಕೆ ಫೋನು ಆರಿಸಿ ಒಳಗಿಟ್ಟಳು. "ನಮ್ಮೂರ ಸಾಲ್ಯಾಗ ಕಂಪ್ಯೂಟರ್ ಎರಡ ಅದಾವ್ರಿ. ಒಂದು ಕೆಟ್ಟೈತಿ. ಇನ್ನೊಂದಕ್ಕ ಪಾಳಿ ಹಚ್ಚತಾರ. ಇಕಿ ಪಾಳಿ ವಾರಕ್ಕೊಮ್ಮೆ ಬರ್ತಿತ್ತು. ಅದನ್ನ ಬಿಡಿಸಿಕೊಂಡು ಬಂದ್ನೆಲ್ರಿ ನಾ."

ಬಾಗಿಲಲ್ಲಿ ಹೆಡ್‌ಮಾಸ್ತರರು ಬಂದು ನಿಂತಿದ್ದರು. "ದೀಪಾವಳಿಯೊಳಗ ನಮ್ಮವೂ ಬರ್ತಾವ್ರಿ ತಾಯಿ. ಚೇರ್ಮನ್ನರು ಮಾತು ಕೊಟ್ಟಾರ."

"ಬಂದ ಮ್ಯಾಲ ವಿಡಿಯೋ ಹಾಕ್ರಿ ಸರ್," ಅಂದಳು ಆಕೆ, ಸಿಟ್ಟಿಲ್ಲದೆ. ಆಮೇಲೆ ನನ್ನ ಕಡೆ ತಿರುಗಿದಳು. "ಹೆಸರು ತಗಿಸಿಕೊಂಡು ಬಂದೇನ್ರಿ. ಅವ್ರು ಮತ್ತ ತಗೋತಾರೋ ಇಲ್ಲೋ. ಇಕಿ ವರ್ಷ ಹಾಳಾದ್ರ ಏನ್ ಮಾಡ್ಲಿ ನಾ?"

"ನಾ ಫೋನ್ ಮಾಡತೇನ್ರಿ ಅವರಿಗೆ."

"ನನ್ನ ಮುಂದ ಹಚ್ಚರಿ," ಅಂದಳು.

ಅದು ಆಕೆಯ ಹಕ್ಕು. ಆಕೆ ಕೊಟ್ಟ ನಂಬರಿಗೆ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟೆ. ಕೊಣ್ಣೂರಿನ ಆ ಶಾಲೆಯ ಹಿರಿಯ ಗುರುಗಳನ್ನು ನಾನು ಎಂದೂ ಕಂಡವಳಲ್ಲ. ಮುಖ ಕಾಣದವರಿಗೆ, ಅಕ್ಕಿ ಚೀಲಗಳ ನಡುವೆ ನಿಂತು, ನಾನು ಮಾಡಿದ್ದನ್ನು ಮೊದಲಿನಿಂದ ಹೇಳಿದೆ. ಲ್ಯಾಬ್ ಇಲ್ಲ, ಇದ್ದದ್ದು ಎರವಿನದು, ಹುಡುಗಿಯನ್ನು ಮತ್ತೆ ಸೇರಿಸಿಕೊಳ್ಳಬೇಕು.



"ನೀವ ಏನ್ರಿ ಆ ಅಕ್ಕೋರು?" ಅಂದರು ಅವರು. "ನಿಮ್ಮ ವಿಡಿಯೋ ನಾ ನಮ್ಮ ಸ್ಟಾಫಿಗೆಲ್ಲ ತೋರಿಸಿದ್ನೆಲ್ರಿ. ಅವರೂ ನಮ್ಮಂಗ ಕನ್ನಡ ಸಾಲಿಯವ್ರ, ಹ್ಯಾಂಗ ಮಾಡ್ಯಾರ ನೋಡ್ರಿ, ನಾವ್ಯಾಕ ಕುಂತೇವಿ ಅಂತ ಬೈದಿದ್ದೆ."

"ತಪ್ಪಾತ್ರಿ ಸರ್," ಅಂದೆ.

"ಇರ್ಲಿ ಬಿಡ್ರಿ. ನಾಳೆ ಕಳಿಸ್ರಿ ಹುಡುಗೀನ. ಅಕಿ ಪಾಳಿ ಇನ್ನೂ ಯಾರಿಗೂ ಕೊಟ್ಟಿಲ್ಲ."

ಹುಡುಗಿಯ ಮುಖಕ್ಕೆ ಸ್ವಲ್ಪ ಬಣ್ಣ ಬಂತು. ತಾಯಿ ಟಿ.ಸಿ.ಯನ್ನು ಮತ್ತೆ ಅದೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದಳು. ಚಹಾ ತರಿಸುತ್ತೇನೆಂದೆ. "ಚಾ ಬ್ಯಾಡ್ರಿ," ಅಂದಳು. ನಮ್ಮ ಕಡೆ ಮನೆ ಬಾಗಿಲಿಗೆ ಬಂದವರು ಚಹಾ ಬೇಡವೆಂದರೆ ಅದರ ಮೇಲೆ ಇನ್ನೊಂದು ಮಾತಿಲ್ಲ. ಆದರೂ ನಾನು ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಹೋದೆ. ಬಟ್ಟೆಯ ಚೀಲ ಹಿಡಿಯಲು ಕೈ ಚಾಚಿದರೆ ಹುಡುಗಿ ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಆ ದಿನದ ಕೆಟ್ಟ ಗಳಿಗೆ ಅಲ್ಲಿಗೆ ಮುಗಿಯಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ನನ್ನನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿ ಅಂಗಡಿಯೊಳಗಿಂದಲೇ ಕೂಗಿದ.

"ಅಕ್ಕೋರ! ಮತ್ತ ಯಾವಾಗ ಬೇಕ್ರಿ ಮಾನಿಟರು? ಫೋನ್ ಹಚ್ಚರಿ ಸಾಕು, ಟಂಟಂ ತಯಾರ್ ಐತಿ!"

ಅವನ ನಗೆಯಲ್ಲಿ ಕೇಡಿರಲಿಲ್ಲ. ನನಗೆ ಮಾತ್ರ ಸಂತೆಯ ನಡುವೆ ಸೆರಗು ಜಾರಿದಂತಾಯಿತು. ಹುಡುಗಿ ಅಂಗಡಿಯ ಬಾಗಿಲಿಗೆ ಹೋಗಿ ಇಣುಕಿದಳು. ಒಳಗೆ ಸಾಲಾಗಿ ಎಲ್ಲ ಸ್ಕ್ರೀನುಗಳೂ ಬೆಳಗುತ್ತಿದ್ದವು.

"ಅಕ್ಕೋರ, ಇವ ಅಲ್ರಿ?"

"ಇವ," ಅಂದೆ.

"ಬಾರವ್ವ ಒಳಗ, ಕೂಡು, ನೋಡು," ಅಂದ ಅವನು. ಹುಡುಗಿ ತಿರುಗಿ ತಾಯಿಯ ಮುಖ ನೋಡಿದಳು.

"ಬ್ಯಾಡ," ಅಂದಳು ತಾಯಿ. "ನಿನ್ನ ಪಾಳಿ ನಿಮ್ಮ ಸಾಲ್ಯಾಗ ಐತಿ."

ರೋಣದ ಬಸ್ಸು ಬಂತು. ಅವರು ಹತ್ತಿದರು. ಕಿಟಕಿಯಲ್ಲಿ ಹುಡುಗಿ ಕಾಣುತ್ತಾಳೇನೋ ಎಂದು ನೋಡಿದೆ. ಅವಳು ಆಚೆ ಬದಿಗೆ ಕೂತಿದ್ದಳು.

ಆ ಸಂಜೆಯೇ ವಿಡಿಯೋ ತೆಗೆದೆ. ಪೇಜು ತೆರೆಯಲು ಚೇರ್ಮನ್ನರ ಫೋನು, ಹೆಡ್‌ಮಾಸ್ತರರ ತೆಂಗಿನಕಾಯಿ, ಊರ ಮಂದಿಯ ಸಾಮಾನು ಎಲ್ಲ ಬೇಕಾಗಿದ್ದವು. ತೆಗೆಯಲು ನನ್ನೊಬ್ಬಳ ಹೆಬ್ಬೆರಳು ಸಾಕಾಯಿತು. "ಅದನ್ನ ನೋಡಿ ನಾಕು ಮಂದಿ ಬಂದು ವಿಚಾರಿಸಿದ್ರಲ್ರಿ ಅಕ್ಕೋರ," ಎಂದು ಹೆಡ್‌ಮಾಸ್ತರರು ಕಣ್ಣಲ್ಲಿ ನೀರು ತಂದುಕೊಂಡರು. ಚೇರ್ಮನ್ನರು ಬೈದರು. ಬೈಸಿಕೊಂಡೆ.

ಮರುದಿನ ಇನ್ನೊಂದು ವಿಡಿಯೋ ಮಾಡಿದೆ. ನನ್ನದೇ ನೂಲಿನ ಸೀರೆ. ಅದೇ ಕೋಣೆ, ಅಕ್ಕಿ ಚೀಲ, ಒಡೆದ ಗಾಜು. "ಇದನ್ನು ಲ್ಯಾಬ್ ಎಂದು ಹೇಳಿದ್ದೆ. ಲ್ಯಾಬ್ ಇಲ್ಲ. ಕಂಪ್ಯೂಟರುಗಳು ಎರವು ತಂದವು. ಕನ್ನಡ ಕಲಿಸುತ್ತೇವೆ, ಗಣಿತ ಚೆನ್ನಾಗಿ ಕಲಿಸುತ್ತೇವೆ, ಬೇವಿನ ನೆರಳಿದೆ," ಅಂದೆ. ದನಿ ಎರಡು ಕಡೆ ಒಡೆಯಿತು. ಹಾಗೇ ಹಾಕಿದೆ. ಅದನ್ನು ನೋಡಿದವರು ಕಡಿಮೆ.

ಹಳೆಯದು ಮಾತ್ರ ಸತ್ತಿಲ್ಲ. ನಾನು ತೆಗೆಯುವ ಮೊದಲೇ ಅದನ್ನು ಜನ ತಂತಮ್ಮ ಫೋನಿಗೆ ಇಳಿಸಿಕೊಂಡಿದ್ದರು. ಈಗಲೂ ಯಾವುದೋ ಗ್ರೂಪಿನಿಂದ ಅದು ನನ್ನ ಫೋನಿಗೇ ಬರುತ್ತದೆ. ಮೊನ್ನೆ ರೋಣದ ನನ್ನ ಅಕ್ಕ ಕಳಿಸಿದ್ದಳು: "ನಿಮ್ಮ ಸಾಲಿ ಎಷ್ಟ ಚಲೋ ಆಗೈತಲ್ಲ, ನನಗ ಹೇಳೇ ಇಲ್ಲ!" ಮಾನಿಟರುಗಳನ್ನು ದೀಪ ಹಚ್ಚುವುದರೊಳಗೆ ವಾಪಸು ಮುಟ್ಟಿಸಿದ್ದೆ. ಆಡಿದ ಮಾತನ್ನು ಯಾರ ಮನೆಗೆ ಹೋಗಿ ವಾಪಸು ಈಸಿಕೊಂಡು ಬರಲಿ? ಗ್ರೂಪಿನಲ್ಲಿ ಕಂಡಾಗಲೆಲ್ಲ ಅದರ ಕೆಳಗೆ "ಇದು ಸುಳ್ಳು, ನಾನೇ ಹೇಳಿದ್ದು" ಎಂದು ಬರೆಯುತ್ತೇನೆ. ಕೆಲವರು ನಗುವ ಮುಖ ಹಾಕುತ್ತಾರೆ.

ಆ ಹುಡುಗಿಯ ಸೋದರಮಾವನ ಮನೆ ನಾನು ಶಾಲೆಗೆ ಹೋಗುವ ದಾರಿಯಲ್ಲೇ ಇದೆ. ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ಅವನು ಮೊದಲಿನ ಹಾಗೆ, "ನಮಸ್ಕಾರ್ರಿ ಅಕ್ಕೋರ," ಅನ್ನುತ್ತಿದ್ದ. ಅವನಿಗೆ ಎಲ್ಲ ಗೊತ್ತು. ಅದಕ್ಕೇ ನಾನು ಈಗ ಸುತ್ತು ಬಳಸಿ ಹಿಂದಿನ ಓಣಿಯಿಂದ ಹೋಗುತ್ತೇನೆ.

ಮಳೆಗಾಲ ಜೋರಾದಾಗ ಒಂದು ದಿನ ಪೇಜು ತೆರೆದೆ. ಹೊಸ ವಿಡಿಯೋದ ಕೆಳಗೆ ಒಂದು ಕಾಮೆಂಟು ಬಂದಿತ್ತು. ಹೆಸರು ಆ ತಾಯಿಯದು, ಬರೆದವಳು ಮಗಳೇ ಎಂದು ನೋಡಿದ ಕೂಡಲೇ ತಿಳಿಯಿತು.

"ಅಕ್ಕೋರ, ಕರೆಂಟ್ ಬಂತೇನ್ರಿ?"

ಚುಚ್ಚಿದ್ದೋ, ನಕ್ಕದ್ದೋ, ನಿಜವಾಗಿ ಕೇಳಿದ್ದೋ, ನನಗೆ ತಿಳಿಯಲಿಲ್ಲ. ಮೂರಕ್ಕೂ ಉತ್ತರ ಒಂದೇ ಇತ್ತು. ದೀಪಾವಳಿ ಇನ್ನೂ ದೂರ, ಚೇರ್ಮನ್ನರು ಕಂಪ್ಯೂಟರಿನ ಮಾತು ಎತ್ತುವುದನ್ನೇ ಬಿಟ್ಟಿದ್ದರು, ಅಕ್ಕಿ ಚೀಲಗಳು ಇದ್ದಲ್ಲೇ ಇದ್ದವು.

"ಇಲ್ಲವ್ವ, ಇನ್ನೂ ಬಂದಿಲ್ಲ. ನಿನ್ನ ಪಾಳಿ ತಪ್ಪಿಸಬ್ಯಾಡ," ಎಂದು ಬರೆದೆ.

ಒತ್ತಿದ ಮೇಲೆ ನೋಡಿದರೆ ಉತ್ತರ ಶಾಲೆಯ ಹೆಸರಿನಲ್ಲಿ ಹೋಗಿತ್ತು. ಅದು ಶಾಲೆಯ ಮಾತಲ್ಲ. ಮತ್ತೆ ತೆರೆದು, ಕೊನೆಗೆ ಎರಡು ಪದ ಸೇರಿಸಿದೆ: ವಿಡಿಯೋದಾಗಿನ ಅಕ್ಕೋರು.